ನೆಗ್ಗಿದ ಕುಡ್ತೆ

ಲೈಸೆನ್ಸಿನ ಕಾಗದದಲ್ಲಿ ಕುಡ್ತೆಗೆ ಜಾಗವಿಲ್ಲ.
ಗ್ರಾಮಿನಲ್ಲಿ ಬರೆಯಿರಿ ಎಂದರು ಆಫೀಸಿನಲ್ಲಿ,
ಬಾಫತ್ ಪುಡಿ ಆದರೇನು, ಬೂದಿ ಆದರೇನು, ಗ್ರಾಮಿನಲ್ಲಿ.
ಹಾಗಾಗಿ ಬಂದರಿನಲ್ಲಿ ಚೌಕಾಸಿ ಮಾಡಿ ತಂದ
ಬ್ಯಾಟರಿ ತಕ್ಕಡಿಯನ್ನು ಎದೆಗವಚಿಕೊಂಡು
ಜೆಪ್ಪಿನ ಇಳಿಜಾರು ಇಳಿದೆ
ಸೆವ್ರಿನ್ ಬಾಯಿಯ ಅಡುಗೆಮನೆಗೆ.

ಮೊದಲು ಅವರು ತಕ್ಕಡಿಯ ಮೇಲೆ ತಮ್ಮ ಕೈ ಇಟ್ಟರು.
"ಇಷ್ಟೇ?" ಎಂದರು.
ಆಮೇಲೆ ಚೂರಿ, ಕನ್ನಡಕ, ಅರ್ಧ ನಿಂಬೆಹಣ್ಣು.
ಎಲ್ಲಕ್ಕೂ ಒಂದೊಂದು ಅಂಕಿ ಉಂಟೆಂದು ಖಾತ್ರಿಯಾದ ಮೇಲೆ
ಡಬ್ಬಿಗಳನ್ನು ಇಳಿಸಿದರು.

ಕುಡ್ತೆ ಹಿತ್ತಾಳೆಯದು. ಬುಡದ ಹತ್ತಿರ ಒಂದು ನೆಗ್ಗು,
ಹೆಬ್ಬೆರಳು ಸರಿಯಾಗಿ ಕೂರುವಷ್ಟು.
ಕಿರಿಮಗ ಅದನ್ನು ಬಾವಿಕಟ್ಟೆಗೆ ಕುಟ್ಟಿ
ಬ್ಯಾಂಡು ಬಾರಿಸಿದ ಕಾಲದ್ದು.
"ಹಿಡಿಯಲಿಕ್ಕೆ ಹಿತವೇ ಆಯಿತು."

ಕೊತ್ತಂಬರಿ ಒಂದು ಕುಡ್ತೆ ಅರುವತ್ತೆಂಟು.
ಅದೇ ಕುಡ್ತೆ ಜೀರಿಗೆ ತೊಂಬತ್ತೆರಡು.
ಒಳ್ಳೆಮೆಣಸು ನೂರ ಎಂಟು.
"ಅದು ನಿಮ್ಮವರ ಮಣಿಯ ಲೆಕ್ಕ" ಎಂದು ನಕ್ಕವರು
ಮತ್ತೆ ಗಂಭೀರವಾಗಿ:
"ಪಾತ್ರೆ ಒಂದೇ, ತುಂಬಿಸಿದ ಕೈ ಒಂದೇ,
ಎಂತಕ್ಕೆ ಈ ಭೇದಭಾವ?"
ಕಾಳಿನ ನಡುವಿನ ಗಾಳಿಯ ಬಗ್ಗೆ ಹೇಳಿದೆ,
ಕೊತ್ತಂಬರಿಯ ಹೊಟ್ಟೆಯೊಳಗಿನ ಪೊಳ್ಳಿನ ಬಗ್ಗೆ.
"ಇಷ್ಟು ವರ್ಷ ಗಾಳಿಯನ್ನೂ ಅಳೆದೆನಾ" ಎಂದರು,
ನಷ್ಟವೋ ಲಾಭವೋ ತಿಳಿಯದ ಮುಖದಲ್ಲಿ.

ಮೇ ತಿಂಗಳು ತಾರಸಿಯಲ್ಲಿ ಒಣಗಿದ್ದಕ್ಕೆ ಒಂದು ತೂಕ,
ಜುಲೈಯಲ್ಲಿ ಡಬ್ಬಿಯಿಂದ ತೆಗೆದದ್ದಕ್ಕೆ ಇನ್ನೊಂದು.
ಎರಡನ್ನೂ ಬರೆದು ಒಂದನ್ನು ಹೊಡೆದುಹಾಕಿದೆ.
ಲವಂಗ ಒಂದಿಟ್ಟರೆ ತಕ್ಕಡಿ ಸೊನ್ನೆ ಎಂದಿತು.
ಐದಿಟ್ಟರೂ ಸೊನ್ನೆ.
"ಮೂಗಿಲ್ಲದ ಯಂತ್ರ" ಎಂದರು ಬಾಯಿ.

ಕೆಂಪು ಮೆಣಸು ಮಾತ್ರ ಕುಡ್ತೆಗೆ ಸಿಗುವುದಿಲ್ಲ, ಅದು ಎಣಿಕೆ.
ನಾಲ್ಕು ಕುಡ್ತೆ ಕೊತ್ತಂಬರಿಗೆ ತೊಟ್ಟು ಮುರಿದ ಮುನ್ನೂರು.
ಎಣಿಸುವಾಗ ಯಾರಾದರೂ ಮಾತಾಡಿದರೆ
ಮತ್ತೆ ಒಂದರಿಂದ.

ಕೊನೆಗೆ, ಸುಮ್ಮನೆ, ಕುಡ್ತೆಗೆ ನೀರು ತುಂಬಿ ತೂಗಿದೆ.
ನೂರ ತೊಂಬತ್ತಾರು.
"ಕಿನ್ನಿಗೋಳಿಯಲ್ಲಿ ಅಕ್ಕನ ಹತ್ತಿರವೂ ಇಂಥದ್ದೇ ಉಂಟು,
ಮದುವೆಗೆ ಅಮ್ಮ ಇಬ್ಬರಿಗೂ ಒಂದೇ ಅಂಗಡಿಯದ್ದು ಕೊಟ್ಟದ್ದು."
ಅಕ್ಕನ ಮೊಮ್ಮಗಳು ಕೇಕು ಮಾಡುವವಳು,
ತೂಗಿ ಫೋನಿನಲ್ಲಿ ಹೇಳಿದಳು: ಇನ್ನೂರ ಹನ್ನೆರಡು.

ಹದಿನಾರು.

ಮೂವತ್ತೊಂದು ವರ್ಷದಿಂದ, ಪ್ರತಿ ಕ್ರಿಸ್ಮಸ್ಸಿಗೆ,
ಪ್ರತಿ ರೋಸಿಗೆ, ಒಮ್ಮೆ ಮನೆಯೊಳಗೆ ಶವಪೆಟ್ಟಿಗೆ ಇರುವಾಗಲೂ
ಅಕ್ಕ ಹೇಳುತ್ತ ಬಂದದ್ದು: ನಿನ್ನ ಬಾಫತ್ ಬರೀ ಖಾರ,
ಅಮ್ಮನ ಕೈ ನಿನಗೆ ಬರಲಿಲ್ಲ.
ಇವರು ಹೇಳುತ್ತ ಬಂದದ್ದು: ನಿನಗೆ ನಾಲಿಗೆ ಸತ್ತಿದೆ.
ಮೆಣಸು ಇಬ್ಬರದೂ ಮುನ್ನೂರೇ.
ಇಪ್ಪತ್ತೆರಡು ಗ್ರಾಂ ಕೊತ್ತಂಬರಿ ಮಾತ್ರ
ಕಿರಿಮಗನ ಬ್ಯಾಂಡಿಗೆ ಹೋಗಿತ್ತು.

ಲೆಕ್ಕ ತೋರಿಸಿದೆ. ಕನ್ನಡಕ ಹಾಕಿ ನೋಡಿದರು,
ತೆಗೆದು ನೋಡಿದರು.
ಹೆಬ್ಬೆರಳು ತಾನಾಗಿ ನೆಗ್ಗಿನೊಳಗೆ ಹೋಗಿ ಕೂತಿತು.
"ಅವಳಿಗೆ ಹೇಳಬೇಡ ಮಾರಾಯ್ತಿ.
ಮತ್ತೆ ಫೋನು ಮಾಡಿ ನಾವು ಎಂತ ಮಾತಾಡುವುದು?"

ಹಾಗಾದರೆ ಕಾಗದದಲ್ಲಿ ಕೊತ್ತಂಬರಿ ಎಷ್ಟು ಬರೆಯಲಿ,
ನಿಮ್ಮದಾ, ಅಕ್ಕನದಾ?
ಬಾಯಿ ಒಲೆಯ ಕಡೆ ತಿರುಗಿದ್ದರು.
"ಅಮ್ಮನದು ಬರೆ. ಮನೆಗೆ ನನ್ನದು ಸಾಕು."
ಇನ್ನೂರ ತೊಂಬತ್ತನಾಲ್ಕು ಎಂದು ಬರೆದೆ.

ಅಷ್ಟರಲ್ಲಿ ತಕ್ಕಡಿ ತನ್ನಷ್ಟಕ್ಕೆ ಆರಿಹೋಯಿತು.
ಬಿಸಿಲಲ್ಲಿ ಬಂದಿದ್ದೀ, ಎನ್ನುತ್ತ
ತೂಗಿದ ನೀರನ್ನೇ ಕುಡಿಯಲು ಕೊಟ್ಟರು.
ತುಟಿಯ ಹತ್ತಿರ
ಸ್ವಲ್ಪ ಜೀರಿಗೆ, ಸ್ವಲ್ಪ ಹಿತ್ತಾಳೆ.